ಮಡಿಕೆ ಇರುವ ಬದಿ

"ನಿನ್ನ ಕೈಗೆ ಪೊರಕೆ ಕೊಟ್ರೂ ಅದನ್ನ ತಲೆಕೆಳಗಾಗಿ ಹಿಡ್ಕೊಂಡು ಗುಡಿಸೋ ಗಿರಾಕಿ ನೀನು! ಅಂಥವನ ಕೈಗೆ ಜೆಲ್ ಕೊಟ್ಟೆನಲ್ಲ, ಮೊದಲು ನನ್ನ ಬುದ್ಧಿಗೆ ಹೊಡ್ಕೋಬೇಕು."

ದೊಡ್ಡ ಡಾಕ್ಟರಮ್ಮ ಇದನ್ನು ಬಾಗಿಲು ಹಾಕಿಕೊಂಡು ಹೇಳಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಪ್ರಯೋಗಾಲಯದ ನಟ್ಟನಡುವೆ, ಎಲ್ಲರೂ ಕೈಯಲ್ಲಿ ಕೆಲಸ ಹಿಡಿದು ನಿಂತಿದ್ದ ಹೊತ್ತಿನಲ್ಲಿ ಹೇಳಿದರು. ರಿಜಿಸ್ಟರ್ ಬರೆಯುವ ಗುಮಾಸ್ತ ಪೆನ್ನು ಕಚ್ಚಿಕೊಂಡು ನಕ್ಕ. ತರಬೇತಿಗೆ ಬಂದಿದ್ದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಣಕಲ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಒಣಕಲ ಅನ್ನುವುದು ಅವನ ಹೆಸರೇನಲ್ಲ. ಮೈಮೇಲೆ ಮಾಂಸವಿಲ್ಲ, ಮಾಡುವುದು ಒಣಗಿಸುವ ಕೆಲಸ; ಎರಡನ್ನೂ ಸೇರಿಸಿ ಗುಮಾಸ್ತ ಇಟ್ಟದ್ದು ಹನ್ನೊಂದು ವರ್ಷದಿಂದ ಅಂಟಿಕೊಂಡಿತ್ತು. ಎಂಟನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನಿಗೆ 'ಸಾರ್' ಅನ್ನಿಸಿಕೊಳ್ಳುವ ಯೋಗವಿಲ್ಲ ಎಂದು ಅವನೂ ಓಗೊಡುತ್ತ ಬಂದಿದ್ದ.

ಅವನ ಕೆಲಸ ಸಣ್ಣದು, ಆದರೆ ಅದನ್ನು ಅವನಷ್ಟು ಚೆನ್ನಾಗಿ ಮಾಡುವವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ. ಜೆಲ್ ಅಂದರೆ ಅಂಗೈಗಿಂತ ತುಸು ಅಗಲದ, ಮೈತುಂಬ ನೀರು ಕುಡಿದು ಥರಥರ ನಡುಗುವ ಒಂದು ಹಾಳೆ. ಅದರ ತಲೆಯ ಕಡೆ ಸಾಲಾಗಿ ಎಂಟು ಗುಂಡಿ. ಒಂದೊಂದು ಗುಂಡಿಗೆ ಒಂದೊಂದು ರಕ್ತ. ಕರೆಂಟು ಹರಿಸಿದರೆ ರಕ್ತದೊಳಗೆ ಇರುವುದೆಲ್ಲ ಬೇರೆಬೇರೆಯಾಗಿ, ತನ್ನ ತನ್ನ ಜಾಗಕ್ಕೆ ಇಳಿದು ನಿಲ್ಲುತ್ತದೆ. ಬಣ್ಣ ಕುಡಿಸಿದರೆ ನೀಲಿ ಗೆರೆಗಳು ಮೂಡುತ್ತವೆ. ಸರಿಯಾದ ರಕ್ತಕ್ಕೆ ಮೂರು ಗೆರೆ. ಹೊಟ್ಟೆಯಲ್ಲಿರುವ ಕೂಸಿನ ರಕ್ತವಾದರೆ ಮೂರನೆಯದು ಕೂದಲೆಳೆಯಷ್ಟು ತೆಳು. ಆ ಎಳೆ ಇದ್ದರೆ ಕೂಸು ಬದುಕುತ್ತದೆ. ಇಲ್ಲದಿದ್ದರೆ ಹುಟ್ಟಿದ ಮೇಲೆ ತಿಂಗಳಿಗೊಮ್ಮೆ ಬೇರೆಯವರ ರಕ್ತ ಹಾಕಿಸಿಕೊಂಡು, ಅದೂ ಎಷ್ಟು ದಿನವೋ.

ಒದ್ದೆ ಜೆಲ್ಲಿನಲ್ಲಿ ಆ ಎಳೆ ಕಣ್ಣಿಗೆ ಸಿಕ್ಕೂ ಸಿಗದ ಹಾಗಿರುತ್ತದೆ. ಒಣಗಿ ಹಾಳೆ ತೆಳುವಾದಾಗಲೇ ನಿಚ್ಚಳ. ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಎರಡು ಸೆಲೋಫೇನ್ ಹಾಳೆಗಳ ನಡುವೆ ಒಂದು ಗುಳ್ಳೆಯೂ ಉಳಿಯದಂತೆ ಮಲಗಿಸಿ, ಚೌಕಟ್ಟಿಗೆ ಕ್ಲಿಪ್ಪು ಹಾಕಿ, ಫ್ಯಾನಿನ ತಣ್ಣನೆ ಗಾಳಿಗೆ ಎರಡು ದಿನ ಬಿಡಬೇಕು. ಆಮೇಲೆ ಅದನ್ನು ಆಲ್ಬಮ್ಮಿಗೆ ಅಂಟಿಸಿದರೆ ಮೂವತ್ತು ವರ್ಷವಾದರೂ ಹಾಗೇ ಇರುತ್ತದೆ.

ಎರಡು ದಿನ. ಆದರೆ ಹಿಂದಿನ ದಿನ ಸಂಜೆ ಚಿಕ್ಕ ಡಾಕ್ಟರಮ್ಮ ಹೇರ್ ಡ್ರೈಯರ್ ಹಿಡಿದುಕೊಂಡು ಒಣಗಿಸುವ ಕೋಣೆಗೆ ಬಂದಿದ್ದರು.

"ದೊಡ್ಡವರಿಗೆ ನಾಳೆ ಬೆಳಿಗ್ಗೆಗೇ ಬೇಕಂತೆ. ಬಿಸಿಗಾಳಿ ಹಿಡಿ ಅಂದಿದ್ದಾರೆ."

"ಅಮ್ಮಾ, ಬಿಸಿ ತಾಗಿದ್ರೆ ಸೀಳತ್ತೆ."

"ನನಗ್ಯಾಕಪ್ಪಾ ಹೇಳ್ತೀಯ? ಅವರಿಗೆ ಹೇಳು."

"ಅವರಿಗೆ ಹೇಳಕ್ಕೆ ನನಗೇನು ಎರಡು ತಲೆ ಇದ್ಯಾ?"

ಚಿಕ್ಕ ಡಾಕ್ಟರಮ್ಮನಿಗೂ ಇದ್ದದ್ದು ಒಂದೇ ತಲೆ. ಡ್ರೈಯರ್ ಇಟ್ಟು ಹೋದರು. ಅವನು ಹಿಡಿದ. ಕಾಲು ಗಂಟೆಯಲ್ಲಿ 'ಚಟ್' ಎಂದು ಸದ್ದಾಯಿತು. ಕೆಳಗಿನ ಒಂದು ಮೂಲೆಗೆ ಓರೆಯಾಗಿ ಬಿರುಕು ಓಡಿತ್ತು.

ಈಗ ಬೆಳಿಗ್ಗೆ ದೊಡ್ಡ ಡಾಕ್ಟರಮ್ಮ ಅದೇ ಚೌಕಟ್ಟನ್ನು ಎತ್ತಿ ಹಿಡಿದು, ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ತಮ್ಮ ಅವಸರವನ್ನೆಲ್ಲ ಅವನ ಕೈಗೆ ಒರೆಸುತ್ತಿದ್ದರು. ಓದಿದವರ ಕೋಪ ನೀರಿನ ಹಾಗೆ, ಕೆಳಗೇ ಹರಿಯುತ್ತದೆ. ಹೇರ್ ಡ್ರೈಯರ್ ಕಳಿಸಿದ್ದು ಯಾರಮ್ಮಾ ಎಂಬ ಮಾತು ಒಣಕಲನ ಹಲ್ಲಿನವರೆಗೆ ಬಂತು. ಉಗುಳಿನ ಜೊತೆ ನುಂಗಿದ. ಇವತ್ತೊಂದು ದಿನ ಯಾರ ಕಣ್ಣಿಗೂ ಬೀಳದಂತೆ ಇರಬೇಕಾಗಿತ್ತು ಅವನಿಗೆ.

"ತಗೊಂಡ್ಹೋಗು ಇದನ್ನ!" ಎಂದು ಡಾಕ್ಟರಮ್ಮ ಚೌಕಟ್ಟನ್ನು ಮೇಜಿಗೆ ಕುಕ್ಕಿದರು. ಬಿರುಕು ಬಿಟ್ಟಿದ್ದ ಮೂಲೆ ಕಳಚಿಕೊಂಡು ನೆಲಕ್ಕೆ ಬಿತ್ತು.

ಅವನ ಜೀವ ಬಾಯಿಗೆ ಬಂದದ್ದು ಬೈಗುಳಕ್ಕಲ್ಲ. ಆ ಜೆಲ್ಲಿನ ಎರಡನೇ ಗುಂಡಿಯಲ್ಲಿ ಇದ್ದದ್ದು ಅವನ ತಂಗಿಯ ಹೊಟ್ಟೆಯ ಕೂಸಿನ ರಕ್ತ.

ಇದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿಬ್ಬಂದಿಯ ನೆಂಟರ ರಕ್ತ ಅದೇ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬಾರದು, ಬೇರೆ ಊರಿಗೆ ಹೋಗಬೇಕು ಎಂದು ನಿಯಮ. ಬೇರೆ ಊರಿನಿಂದ ಉತ್ತರ ಬರಲು ಆರು ವಾರ. ತಂಗಿಗೆ ಆಗಲೇ ಐದನೇ ತಿಂಗಳು ನಡೆಯುತ್ತಿತ್ತು. ಆರು ವಾರವಾದ ಮೇಲೆ ಕೂಸನ್ನು ತೆಗೆಸುವ ಕಾಲ ಮೀರಿರುತ್ತದೆ; ಆಗ ಬರುವ ಉತ್ತರ ಉತ್ತರವೇ ಅಲ್ಲ. ಅಣ್ಣ ಇಲ್ಲಿದ್ದಾನೆ ಎಂದು ಬಾಯಿಬಿಡಬೇಡ ಎಂದು ಹೇಳಿ ಅವನೇ ಅವಳನ್ನು ಕಳಿಸಿದ್ದ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಖಾತ್ರಿ.

ತಂಗಿಯ ಮೊದಲ ಮಗು ಹೋದದ್ದು ಈ ರೋಗದಿಂದಲೇ. ಮೂರೂವರೆ ವರ್ಷ ಅದನ್ನು ರಕ್ತ ಹಾಕಿಸಲು ಹೊತ್ತುಕೊಂಡು ಬರುತ್ತಿದ್ದವನು ಸೋದರಮಾವನಾದ ಒಣಕಲನೇ. ಕೊನೆಕೊನೆಗೆ ಆ ಮಗು ಸೂಜಿ ಕಂಡರೆ ಅಳುವುದನ್ನೂ ಬಿಟ್ಟಿತ್ತು; ಬಿಳಿ ಕೋಟು ಹಾಕಿದವರು ಯಾರು ಎದುರಿಗೆ ಬಂದರೂ ತಾನೇ ತೋಳು ಚಾಚಿಬಿಡುತ್ತಿತ್ತು. 

ಈ ಸಲ ಹೊಟ್ಟೆಗೆ ಸೂಜಿ ಚುಚ್ಚಿ ನಾಲ್ಕು ಹನಿ ತೆಗೆದಿದ್ದರು. ಇನ್ನೊಂದು ಸಲ ಚುಚ್ಚಿದರೆ ಕೂಸು ನಿಲ್ಲುತ್ತದೆ ಎಂದು ಹೇಳಲಾರೆ ಎಂದಿದ್ದರು ಹೆರಿಗೆ ಡಾಕ್ಟರು. ಆ ನಾಲ್ಕೂ ಹನಿ ಈ ಜೆಲ್ಲಿಗೇ ಮುಗಿದಿದ್ದವು. ಪ್ರಯೋಗಾಲಯದ ಕ್ಯಾಮೆರಾ ಕೆಟ್ಟು ಎರಡು ತಿಂಗಳು. ಒದ್ದೆ ಇದ್ದಾಗಿನ ಫೋಟೋ ಕೂಡ ಇರಲಿಲ್ಲ. ಇದ್ದದ್ದು ಈ ಒಂದು ಹಾಳೆ.

ಹನ್ನೊಂದೂವರೆಗೆ ಚಿಕ್ಕ ಡಾಕ್ಟರಮ್ಮ ಅದನ್ನು ಆಲ್ಬಮ್ಮಿಗೆ ಅಂಟಿಸಿದರು. ದೊಡ್ಡವರು ಮೇಜಿನ ದೀಪದ ಕೆಳಗೆ ಇಟ್ಟು, ಭೂತಗನ್ನಡಿ ಹಿಡಿದು, ಗಟ್ಟಿಯಾಗಿ ಓದುತ್ತ ಹೋದರು. ಒಣಕಲ ಬಾಗಿಲಾಚೆ ನೆಲ ಒರೆಸುವ ನೆಪದಲ್ಲಿ ನಿಂತಿದ್ದ. ಒಂದು ಮತ್ತು ಎಂಟರಲ್ಲಿ ಹೋಲಿಕೆಗೆಂದು ಹಾಕಿದ ಗೊತ್ತಿರುವ ರಕ್ತ, ಎರಡೂ ತುದಿಗೆ ಒಂದೇ.

"ಎರಡನೇದು, ಮೂರೂ ಗೆರೆ ಇದೆ. ಬರ್ಕೋ. ಮೂರು, ನಾಲ್ಕು, ಐದು, ಆರು, ಎಲ್ಲಾ ಸರಿ. ಏಳು..." ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. "ಏಳು ಇಲ್ಲ. ಮೂರನೇದು ಇಲ್ಲವೇ ಇಲ್ಲ. ಪಾಪ."

ಒಣಕಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಬಳಿಗೆ ಓಡಿದ. ತಂಗಿಗೆ ಫೋನು ಹಚ್ಚಿದ.

"ಅಣ್ಣ?"

"ಏನೂ ಇಲ್ಲ ಕಣೇ. ಮೂರೂ ಇದೆ."

"ಸುಳ್ಳು ಹೇಳ್ಬೇಡ."

"ನಿನ್ನಾಣೆ."

ಆ ಕಡೆ ಅಳು ಕೇಳಿಸಿತು, ಅಳುವಿನ ನಡುವೆಯೇ ನಗು. ತಂಗಿಯ ಗಂಡ ಫೋನು ಕಿತ್ತುಕೊಂಡ. "ಭಾವಾ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು!"

"ನನ್ನ ಕೈಗೆ ನಿಲ್ಲಲ್ಲ, ಜಾರಿಬಿದ್ದು ಹೋಗತ್ತೆ," ಎಂದ ಒಣಕಲ. ನಕ್ಕ. ಆ ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. "ನಾಲ್ಕು ಗಂಟೆಗೆ ಬನ್ನಿ, ಅವರೇ ಹೇಳ್ತಾರೆ. ಏನೂ ಗೊತ್ತಿಲ್ಲದ ಹಾಗೆ ಕೂತ್ಕೊಳ್ಳಕ್ಕೆ ಹೇಳು ಅವಳಿಗೆ. ಮುಖ ಸಪ್ಪಗಿರ್ಲಿ."

"ಹೇಗೋ ಇಟ್ಕೊಳ್ಳೋದು ಸಪ್ಪಗೆ?" ತಂಗಿಯ ದನಿ ದೂರದಿಂದ ಕೇಳಿಸಿತು. "ಬಾಯಿ ಮುಚ್ಚಕ್ಕೇ ಬರ್ತಿಲ್ಲ ನನಗೆ!"

ಊಟದ ಹೊತ್ತಿನಲ್ಲಿ ಗುಮಾಸ್ತ, "ಏನೋ ಒಣಕಲ, ಪೊರಕೆ ನೆಟ್ಟಗಿದ್ಯಾ?" ಎಂದು ಕೆಣಕಿದಾಗಲೂ ಅವನಿಗೆ ಕೋಪ ಬರಲಿಲ್ಲ.

ಮೂರು ಗಂಟೆಯ ಮೇಲೆ ಆಲ್ಬಮ್ಮು ಅವನ ಕೋಣೆಗೆ ಬಂತು. ಅಂಟು ಆರುವ ತನಕ ಹಾಳೆ ಮುದುರದಂತೆ ಮೇಲೆ ಭಾರ ಇಡುವುದು ಅವನ ಕೆಲಸ. ಇಡುವ ಮೊದಲು ಹೆಬ್ಬೆರಳಿನಿಂದ ಅಂಚು ಸವರುವುದು ಅವನ ಅಭ್ಯಾಸ. ಸವರಿದ. ನುಣ್ಣಗಿತ್ತು. ಇನ್ನೊಮ್ಮೆ ಸವರಿದ. ನುಣ್ಣಗೇ ಇತ್ತು.

ನುಣ್ಣಗಿರಬಾರದು.

ಒಣಕಲ ಕೆಳಗೆ ಹಾಸುವ ಸೆಲೋಫೇನನ್ನು ಮೇಲಿನದಕ್ಕಿಂತ ಬೆರಳಗಲ ಉದ್ದವಾಗಿ ಕತ್ತರಿಸುತ್ತಿದ್ದ. ಜೆಲ್ಲನ್ನು ಒಂದನೇ ಗುಂಡಿ ಎಡಕ್ಕೆ ಬರುವಂತೆ ಮಲಗಿಸಿ, ಮೇಲೆ ಇನ್ನೊಂದು ಹಾಳೆ ಹೊದಿಸಿ, ಗುಂಡಿಗಳಿಲ್ಲದ ಬುಡದ ಕಡೆ ಕೆಳಗಿನ ಹಾಳೆಯ ಅಂಚನ್ನು ಮೇಲಕ್ಕೆ ತಂದು ಮಡಚುತ್ತಿದ್ದ. ಹಾಗೆ ಮಡಚಿದರೆ ಗಾಳಿ ನುಗ್ಗುವುದಿಲ್ಲ. ಯಾರೂ ಕಲಿಸಿದ್ದಲ್ಲ, ಹತ್ತಾರು ಜೆಲ್ ಹಾಳುಮಾಡಿಕೊಂಡು ತಾನೇ ಕಂಡುಕೊಂಡದ್ದು. ಹಾಗಾಗಿ ಮಡಿಕೆ ಇರುವ ಬದಿಯೇ ಮುಖ, ನುಣ್ಣಗಿರುವುದು ಬೆನ್ನು. ಈ ಹಾಳೆಯ ಮಡಿಕೆ ಅಡಿಗೆ ಹೋಗಿತ್ತು. ನೋಡಲು ಚೆಂದ ಎಂದು ಚಿಕ್ಕ ಡಾಕ್ಟರಮ್ಮ ನುಣುಪು ಬದಿಯನ್ನು ಮೇಲೆ ಮಾಡಿ ಅಂಟಿಸಿದ್ದರು.

ಮಗುಚಿದರೆ ಎಡದ್ದು ಬಲಕ್ಕೆ ಹೋಗುತ್ತದೆ. ಒಂದು ಎಂಟಾಗುತ್ತದೆ. ಎರಡು ಏಳಾಗುತ್ತದೆ.

ಉಳಿದ ದಿನಗಳಲ್ಲಿ ಇದರಿಂದ ಏನೂ ಕೆಡುತ್ತಿರಲಿಲ್ಲ. ಒಂದನೇ ಗುಂಡಿಯ ಕೆಳಗಿನ ಮೂಲೆಯನ್ನು ಜೆಲ್ ಮಾಡುವಾಗಲೇ ಚೂರು ಕಚ್ಚು ಹಾಕಿ ಗುರುತು ಮಾಡಿರುತ್ತಾರೆ. ಹೇಗೆ ಅಂಟಿಸಿದರೂ ಕಚ್ಚು ಇದ್ದ ಕಡೆ ಒಂದು. ಇವತ್ತು ಆ ಮೂಲೆಯೇ ಮುರಿದುಬಿದ್ದಿತ್ತು. ಮುರಿದ ಮೂಲೆಯಾದರೂ ಗುರುತಾಗುತ್ತಿತ್ತೇನೋ. ಆದರೆ ಚಿಕ್ಕ ಡಾಕ್ಟರಮ್ಮ, ಇನ್ನೊಂದು ಸುತ್ತು ಬೈಗುಳ ಯಾರಿಗೆ ಬೇಕು ಎಂದು, ಉಳಿದ ಮೂರು ಮೂಲೆಗಳನ್ನೂ ಅದೇ ಓರೆಗೆ ಕತ್ತರಿಸಿ, ನಾಲ್ಕೂ ಒಂದೇ ಥರ ಕಾಣುವಂತೆ ಮಾಡಿದ್ದರು.

 ಒಣಕಲ ಸ್ಟೂಲಿನ ಮೇಲೆ ಕುಕ್ಕರಿಸಿದ. ಇಲ್ಲ, ನಿನ್ನೆ ನಾನೇ ಉಲ್ಟಾ ಮಲಗಿಸಿರಬೇಕು ಎಂದುಕೊಂಡ. ಬಿಸಿಗಾಳಿಯ ಗಡಿಬಿಡಿ ಬೇರೆ ಇತ್ತಲ್ಲ. ತಲೆಕೆಳಗಾಗಿ ಹಿಡಿಯುವವನು ಎಂದು ಅವರೇ ಹೇಳಿದರಲ್ಲ, ಆ ಮಾತು ನಿಜವಾಗಿರಲಿ ದೇವರೇ. ತಾನು ತಪ್ಪು ಮಾಡಿರಲಿ ಎಂದು ಹನ್ನೊಂದು ವರ್ಷದಲ್ಲಿ ಅವನು ಬೇಡಿಕೊಂಡದ್ದು ಅದೊಂದೇ ಸಲ.

ಬೇಡಿಕೊಳ್ಳುತ್ತಲೇ ಎದ್ದು, ಪ್ರಯೋಗಾಲಯದ ಬೆಳಗಿನ ಕಸವನ್ನೆಲ್ಲ ತುಂಬಿದ್ದ ಬುಟ್ಟಿಯ ಮುಂದೆ ಕೂತ. ಕೈಗವಸು, ಹತ್ತಿ, ಟೀ ಕುಡಿದು ಎಸೆದ ಲೋಟ, ಎಲ್ಲವನ್ನೂ ಒಂದೊಂದಾಗಿ ನೆಲಕ್ಕೆ ಹಾಕಿದ. ಕತ್ತರಿಯ ನೇರ ಗೀರಿನ ಮೂರು ಮೂಲೆ ಸಿಕ್ಕವು. ಸಿಗದೇ ಹೋಗಲಿ, ಸಿಗದೇ ಹೋಗಲಿ ಎನ್ನುತ್ತಿದ್ದಾಗ ನಾಲ್ಕನೆಯದೂ ಸಿಕ್ಕಿತು. ಅಂಚು ಒರಟೊರಟು. ತುದಿಯಲ್ಲಿ ಕಚ್ಚು.

ಉಗುರಗಲದ ಚೂರು. ಅದಕ್ಕೂ ಒಂದು ಬದಿಯಲ್ಲಿ ಮಡಿಕೆ ಇತ್ತು. ಮಡಿಕೆಯನ್ನು ಮೇಲೆ ಮಾಡಿ, ಮಡಚಿದ ಅಂಚನ್ನು ತನ್ನ ಕಡೆ ಇಟ್ಟು ಹಿಡಿದ. ಕಚ್ಚು ಎಡಕ್ಕೆ ಬಂತು.

ಅವನ ಕೈ ತಪ್ಪಿರಲಿಲ್ಲ. ಮೂರು ಗೆರೆ ಇದ್ದದ್ದು ಏಳನೆಯವಳ ಕೂಸಿಗೆ. ಎಳೆ ಇಲ್ಲದ್ದು ತಂಗಿಯದಕ್ಕೆ.

ಪಕ್ಕದಲ್ಲೇ ಸಿಂಕು. ನಲ್ಲಿ ತಿರುಗಿಸಿ ಬೆರಳು ಸಡಿಲಿಸಿದರೆ ಚೂರು ಮೋರಿಗೆ ಹೋಗುತ್ತಿತ್ತು. ಜಗತ್ತಿನಲ್ಲಿ ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ತಂಗಿ ನಗುತ್ತ ಮನೆಗೆ ಹೋಗುತ್ತಿದ್ದಳು. ನಾಲ್ಕು ತಿಂಗಳು ನಗುತ್ತಲೇ ಇರುತ್ತಿದ್ದಳು. ಆಮೇಲೆ? ಆಮೇಲೆ ಇನ್ನೊಂದು ಮಗು ತೋಳು ಚಾಚಿಕೊಂಡು ಅವನ ಹೆಗಲೇರುತ್ತಿತ್ತು. ಅತ್ತ ಏಳನೆಯವಳು ಯಾರೋ, ಅವಳ ಮುಖವನ್ನೂ ಅವನು ನೋಡಿರಲಿಲ್ಲ. ನೆಟ್ಟಗಿದ್ದ ಕೂಸನ್ನು ರೋಗದ್ದೆಂದು ತಿಳಿದು ಈ ವಾರವೇ ಕಳೆದುಕೊಳ್ಳುತ್ತಿದ್ದಳು. ಅದನ್ನು ಯಾರು ಕಳೆದರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಈ ಕೈ, ನಲ್ಲಿ ತಿರುಗಿಸಿದ ಈ ಕೈ.

ಹೇಳಿದರೆ? ನಿನಗ್ಯಾಕೆ ಇಷ್ಟು ಕಾಳಜಿ, ಎರಡನೆಯವಳು ನಿನಗೇನಾಗಬೇಕು ಎಂದು ಕೇಳಿಯೇ ಕೇಳುತ್ತಾರೆ. ಕೆಲಸ ಹೋಗುತ್ತದೆ. ಅದು ಹೋಗಲಿ. 'ನಿನ್ನಾಣೆ' ಅಂದಿದ್ದನಲ್ಲ, ಆ ಮಾತನ್ನು ವಾಪಸು ತರುವುದು ಹೇಗೆ?

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವನು ಚೂರನ್ನು ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡ. ಆಲ್ಬಮ್ಮನ್ನು ಎದೆಗೆ ಅವುಚಿಕೊಂಡು ಕೋಣೆಗಳ ನಡುವಿನ ಬಾಗಿಲಿನಿಂದ ಡಾಕ್ಟರಮ್ಮನ ಕೋಣೆಗೆ ಹೋದ.

ಬೆಳಿಗ್ಗೆ ನಕ್ಕವರೆಲ್ಲ ಅಲ್ಲೇ ಇದ್ದರು. ದೊಡ್ಡ ಡಾಕ್ಟರಮ್ಮ ವರದಿಗಳಿಗೆ ಸಹಿ ಹಾಕುತ್ತಿದ್ದರು.

"ಏನಿದು? ಕಸದ ಬುಟ್ಟಿಯಲ್ಲಿ ಹೊರಳಾಡಿ ಬಂದ ಹಾಗಿದ್ದೀಯ."

"ಅಮ್ಮಾ, ಹಾಳೆ ಮಗುಚಿಕೊಂಡಿದೆ."

"ಯಾವ ಹಾಳೆ?"

"ಇವತ್ತಿಂದು. ಬೆನ್ನು ಮೇಲಾಗಿ ಅಂಟಿಸಿದ್ದಾರೆ. ನೀವು ಎರಡು ಅಂದಿದ್ದು ಏಳು. ಏಳು ಅಂದಿದ್ದು... ಎರಡು."

ಗುಮಾಸ್ತ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಚಿಕ್ಕ ಡಾಕ್ಟರಮ್ಮನ ಮುಖದ ರಕ್ತ ಇಳಿದುಹೋಯಿತು.

"ಜೆಲ್ ಓದೋದು ನನಗೆ ಹೇಳಿಕೊಡ್ತೀಯಾ ನೀನು?" ದೊಡ್ಡ ಡಾಕ್ಟರಮ್ಮನ ದನಿ ಏರಿತು. "ಎಂಟನೇ ಕ್ಲಾಸು..."

"ಓದೋದು ನೀವೇ ಅಮ್ಮಾ. ಮಲಗಿಸೋದು ನಾನು." ಅವನು ಆಲ್ಬಮ್ಮನ್ನು ಮೇಜಿನ ಮೇಲೆ ಇಟ್ಟ. "ಮಡಿಕೆ ಇರೋ ಬದಿ ಮುಖ. ಯಾವ ಹಳೇ ಆಲ್ಬಮ್ ಬೇಕಾದ್ರೂ ತೆಗೀರಿ. ಮಡಿಕೆ ಮೇಲಿದ್ರೆ ಕಚ್ಚು ಎಡಕ್ಕಿರತ್ತೆ. ಒಂದೇ ಒಂದು ಬೇರೆ ಥರ ಸಿಕ್ಕಿದ್ರೆ ನಾಳೆಯಿಂದ ನಾನು ಬರಲ್ಲ." ಅಂಗೈ ತೆರೆದು ಚೂರನ್ನು ಮೇಜಿನ ಮೇಲೆ ಇಟ್ಟ. ಬೆವರಿಗೆ ಅದು ಅಂಟಿಕೊಂಡಿತ್ತು, ಬಿಡಿಸಬೇಕಾಯಿತು. "ಇದು ಬೆಳಿಗ್ಗೆ ಬಿದ್ದ ಮೂಲೆ."

ಡಾಕ್ಟರಮ್ಮ ಅವನನ್ನು ನೋಡಿದರು, ಚೂರನ್ನು ನೋಡಿದರು. ಹಳೆಯ ಆಲ್ಬಮ್ಮು ತರಿಸಿದರು. ಒಂದು ಹಾಳೆ ಸವರಿದರು, ಎರಡು, ಐದು, ಒಂಬತ್ತು. ಬೇರೆ ಥರದ್ದು ಸಿಗಲಿ ಎಂದು ಒಣಕಲ ಆಗಲೂ ಒಳಗೊಳಗೇ ಬೇಡುತ್ತಿದ್ದ. ಸಿಗಲಿಲ್ಲ. ಕೊನೆಗೆ ಇವತ್ತಿನ ಹಾಳೆಯ ಅಂಚನ್ನು ಚೂರಿಯಿಂದ ಎಬ್ಬಿಸಿ, ಅಡಿಯಲ್ಲಿದ್ದ ಮಡಿಕೆಯನ್ನು ಕಂಡರು. ಮುರಿದ ಚೂರನ್ನು ಆ ಜಾಗಕ್ಕೆ ತಂದರು. ಒರಟು ಅಂಚು ಒರಟು ಅಂಚಿಗೆ ಕೂತುಕೊಂಡಿತು.

ಡಾಕ್ಟರಮ್ಮ ಚೂರಿಯನ್ನು ಕೆಳಗಿಟ್ಟರು.

"ಹನ್ನೊಂದು ವರ್ಷದಿಂದ ಹೀಗೇ ಮಡಚ್ತೀಯಾ?"

"ಹೂಂ."

"ಯಾರಿಗೂ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅವರು ತಪ್ಪಾಯಿತು ಎನ್ನಲಿಲ್ಲ. ಅನ್ನುವವರೂ ಅಲ್ಲ. ಎರಡು ವರದಿಗಳನ್ನು ಎಳೆದುಕೊಂಡು ಹರಿದರು, ಹೊಸದಾಗಿ ಬರೆಯತೊಡಗಿದರು. ಪೆನ್ನು ಎರಡು ಸಲ ತಡವರಿಸಿತು. ತಲೆ ಎತ್ತದೆಯೇ, "ಮೊದಲು ಎರಡನೆಯವಳನ್ನ ಕರೆಸಿ. ಜೊತೆಗೆ ಯಾರಾದ್ರೂ ಇದ್ರೆ ಅವರನ್ನೂ. ಒಬ್ಬಳೇ ಕೇಳೋ ಮಾತಲ್ಲ ಇದು," ಎಂದರು. ಚಿಕ್ಕ ಡಾಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದರು.

ಅವರಿಗಿಂತ ಮೊದಲು ಒಣಕಲ ಹೊರಗೆ ಬಂದಿದ್ದ. ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ, ಉದ್ದನೆಯ ಪಡಸಾಲೆ. ಪಡಸಾಲೆಯ ಬೆಂಚಿನ ಮೇಲೆ ತಂಗಿ ಕೂತಿದ್ದಳು. ಅವಳ ಗಂಡ ಕಿಟಕಿಯ ಬಳಿ ನಿಂತು, ಸಪ್ಪಗಿಟ್ಟುಕೊಳ್ಳಲಾಗದ ಮುಖವನ್ನು ಹೊರಗೆ ತಿರುಗಿಸಿಕೊಂಡಿದ್ದ. ತಂಗಿಯ ಪಕ್ಕದಲ್ಲಿ ಹಸಿರು ಶಾಲು ಹೊದ್ದ ಇನ್ನೊಬ್ಬ ಬಸುರಿ. ಅವಳ ಮುಷ್ಟಿಯಲ್ಲಿ ಮುದ್ದೆಯಾದ ಚೀಟಿ. ತಂಗಿ ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡು ಏನೋ ಸಮಾಧಾನ ಹೇಳುತ್ತಿದ್ದಳು.

ಅಣ್ಣನನ್ನು ಕಂಡದ್ದೇ ಅವಳ ಮುಖ ಅರಳಿತು. ಗುರುತಿಲ್ಲದವರ ಹಾಗೆ ಇರಬೇಕೆಂಬುದೂ ಮರೆತುಹೋಯಿತು.

"ಅಣ್ಣ, ಬಾ ಇಲ್ಲಿ. ಇವರು ಏಳನೇ ನಂಬರಂತೆ. ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿಲ್ಲ, ಪಾಪ, ಅಷ್ಟು ಹೆದರಿದಾರೆ. ನಮ್ಮಣ್ಣನೇ ಒಣಗಿಸೋದು, ಎಲ್ಲಾ ಗೊತ್ತಿರತ್ತೆ ಅವನಿಗೆ ಅಂದೆ." ದನಿ ತಗ್ಗಿಸಿದಳು. "ಇವರದೂ ನಮ್ಮ ಥರಾನೇ ಚೆನ್ನಾಗಿದೆ ಅಲ್ವಾ? ಹೇಳೋ. ನನಗೆ ಹೇಳಿದ ಹಾಗೆ ಇವರಿಗೂ ಒಂದು ಮಾತು ಹೇಳ್ಬಿಡೋ."

ಹಸಿರು ಶಾಲಿನವಳು ತಲೆಯೆತ್ತಿ ಅವನ ಬಾಯಿಯನ್ನೇ ನೋಡಿದಳು. ತಂಗಿಯೂ ನೋಡಿದಳು, ನಗುತ್ತ. ಹಿಂದೆ ಕೋಣೆಯ ಬಾಗಿಲು ತೆರೆದ ಸದ್ದಾಯಿತು.

ಒಣಕಲ ಇಬ್ಬರ ಮುಂದಿನಿಂದಲೂ ಹಾದು, ಪಡಸಾಲೆಯ ತುದಿಯವರೆಗೆ, ಆಮೇಲೆ ಮೆಟ್ಟಿಲಿಳಿದು ನಡೆದುಹೋದ.